ಸ್ವಿಚ್ ಆನ್ ಇದ್ದಾಗಲೇ ಎಸ್‌ಎಫ್‌ಪಿ ಎಳೆದು ಬೇರೆ ಹಾಕಬಹುದಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹತ್ತಿರ ಒಂದು ಇಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ ನೆಟ್‌ವರ್ಕ್ ನೋಡ್ಕೋತೀನಿ. ಮೇನ್ ಬ್ಲಾಕ್‌ನಿಂದ ಹಾಸ್ಟೆಲ್‌ಗೆ ಒಂದು, ಲೈಬ್ರರಿಗೆ ಒಂದು 10ಜಿ ಲಿಂಕ್ ಇದೆ. ಎರಡೂ ಸಿಂಗಲ್ ಮೋಡ್ ಫೈಬರ್, ಎರಡೂ ತುದಿಯಲ್ಲಿ ಎಲ್‌ಆರ್ ಮಾಡ್ಯೂಲ್, ಅಂದ್ರೆ 1310 ನ್ಯಾನೋಮೀಟರ್ ಬೆಳಕಿನ, 10 ಕಿ.ಮೀ. ತನಕದ ಎಸ್‌ಎಫ್‌ಪಿ (ಸ್ವಿಚ್ ಪೋರ್ಟಿಗೆ ಸಿಕ್ಕಿಸೋ, ಸಿಗ್ನಲನ್ನ ಬೆಳಕಾಗಿಸೋ ಪುಟ್ಟ ಮಾಡ್ಯೂಲ್). ಹಾಸ್ಟೆಲ್ ಕೇಬಲ್ ಸುತ್ತಿ ಬಳಸಿ ಹೋಗಿರೋದ್ರಿಂದ ಸುಮಾರು 2 ಕಿ.ಮೀ. ಆಗುತ್ತೆ, ಲೈಬ್ರರಿ 600 ಮೀಟರ್.

ಒಂದು ತಿಂಗಳಿಂದ ಎರಡರಲ್ಲೂ ಕಾಟ. ಹಾಸ್ಟೆಲ್ ಪೋರ್ಟಲ್ಲಿ ಸಿಆರ್‌ಸಿ ಎರರ್ (ದಾರೀಲಿ ಕೆಟ್ಟುಬಂದ ಡೇಟಾದ ಲೆಕ್ಕ) ಏರ್ತಾನೇ ಇದೆ, ಲೈಬ್ರರಿ ಲಿಂಕ್ ಮಧ್ಯೆ ಮಧ್ಯೆ ಬಿದ್ದು ಎದ್ದು ಮಾಡ್ತಿದೆ. ಸಾಮಾನು ಕೊಡೋ ಅಂಗಡಿಯವರು "ನಾಲ್ಕೂ ಮಾಡ್ಯೂಲ್ ಬದಲಾಯಿಸಿಬಿಡಿ, ಹಾಟ್ ಸ್ವಾಪ್, ಏನೂ ಆಗಲ್ಲ" ಅಂತಾರೆ. ಸ್ಟೋರ್‌ನಲ್ಲಿ ಹಳೇ ಪ್ರಾಜೆಕ್ಟ್‌ದು ಎರಡು ಇಆರ್ (40 ಕಿ.ಮೀ. ತನಕದ, 1550 ನ್ಯಾನೋಮೀಟರ್) ಮಾಡ್ಯೂಲ್, ಎರಡು ಹೊಸ ಎಲ್‌ಆರ್ ಇವೆ.

ನನ್ನ ಪ್ರಶ್ನೆ ಮೂರು. ಸ್ವಿಚ್ ಆಫ್ ಮಾಡದೆ ಬದಲಾಯಿಸಬಹುದಾ? ಇಆರ್ ಅನ್ನು ಹಾಸ್ಟೆಲ್ ಲಿಂಕ್‌ಗೆ ಹಾಕಬಹುದಾ? ಕಣ್ಣಿಗೆ ಅಪಾಯ ಅಂತಾರಲ್ಲ, ನಿಜಕ್ಕೂ ಎಷ್ಟು? ನನ್ನ ಜೊತೆ ಇಬ್ಬರು ಹೊಸ ಹುಡುಗರು ಕೆಲಸ ಮಾಡ್ತಾರೆ, ಅವರಿಗೆ ಸರಿಯಾಗಿ ಹೇಳಿಕೊಡಬೇಕು.

ಹೊಸಬ22
ಹಾಟ್ ಸ್ವಾಪ್ ಅಂದ್ರೆ ಹಾಟ್ ಸ್ವಾಪ್ ಗುರು. ಎಳಿ, ಹಾಕು, ಮುಗೀತು.

ಡಿಸಿ ಮೇಷ್ಟ್ರು
@ಹೊಸಬ22 ಅರ್ಧ ಸರಿ ಕಣಪ್ಪ. ಹಾಟ್ ಸ್ವಾಪ್ ಅನ್ನೋದು ಕರೆಂಟಿಗೆ ಸಂಬಂಧಪಟ್ಟ ಮಾತು. ಮಾಡ್ಯೂಲ್ ಹಿಂಭಾಗದ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನ ಹತ್ತಿರದಿಂದ ನೋಡು, ಎಲ್ಲದರ ಉದ್ದ ಒಂದೇ ಇರಲ್ಲ. ಒಳಗೆ ತಳ್ಳುವಾಗ ಮೊದಲು ಗ್ರೌಂಡ್ ಕೂರುತ್ತೆ, ಆಮೇಲೆ 3.3 ವೋಲ್ಟ್ ಪವರ್, ಕೊನೆಗೆ ಸಿಗ್ನಲ್. ಸ್ವಿಚ್ ಆನ್ ಇದ್ದಾಗಲೇ ಹಾಕಿದ್ರೂ ಸುಡಬಾರದು ಅಂತ ಹಾಗೆ ಮಾಡಿರೋದು. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಸ್ವಿಚ್ ಆಫ್ ಮಾಡೋದು ಬೇಡ.

ಆದ್ರೆ ಬೆಳಕು, ಧೂಳು, ಮೈಮೇಲಿನ ಸ್ಟ್ಯಾಟಿಕ್, ತಪ್ಪು ಪವರ್ ಲೆವೆಲ್, ಇದ್ಯಾವುದಕ್ಕೂ ಹಾಟ್ ಸ್ವಾಪ್ ರಕ್ಷಣೆ ಕೊಡಲ್ಲ. ನಾನು ನೋಡಿರೋ ಹಾಳಾದ ಮಾಡ್ಯೂಲ್‌ಗಳಲ್ಲಿ ಬಹುಪಾಲು ಸತ್ತಿದ್ದು ಇವುಗಳಿಂದಲೇ.

ಹುಬ್ಳಿ ಫೈಬರ್
ತಡೀರಿ ತಡೀರಿ. ಮಾಡ್ಯೂಲ್ ಕೆಟ್ಟದ ಅಂತ ಯಾರ್ ಹೇಳಿದ್ರು ನಿಮಗ? ಅಂಗಡಿಯಾಂವ ಹೇಳ್ತಾನ್ರೀ, ಅಂವಗ ಮಾರೂದೈತಿ. ಮೊದ್ಲ ಡಿಡಿಎಂ ರೀಡಿಂಗ್ (ಮಾಡ್ಯೂಲ್ ತನ್ನ ಬಗ್ಗೆ ತಾನ ಹೇಳೂ ಅಳತಿ) ತಗೀರಿ, ನಾಲ್ಕೂ ತುದಿದು. ಟಿಎಕ್ಸ್ (ಕಳಿಸೂ ಬೆಳಕು), ಆರ್‌ಎಕ್ಸ್ (ಬರೂ ಬೆಳಕು), ಬಯಾಸ್ ಕರೆಂಟ್ (ಲೇಸರ್‌ಗೆ ಕೊಡೂ ಕರೆಂಟ್), ಟೆಂಪರೇಚರ್. ಅವನ್ನ ಇಲ್ಲೆ ಹಾಕ್ರಿ. ಅಲ್ಲೀತನಾ ಒಂದೂ ಕೀಳಬ್ಯಾಡ್ರಿ.

ತುಂಗಾತೀರ
@ಹುಬ್ಳಿ ಫೈಬರ್ ಸಿಸ್ಕೋ ಸ್ವಿಚ್ ಸರ್. ಯಾವ ಕಮಾಂಡ್?

ನೈಟ್‌ಶಿಫ್ಟ್ ನಾಗ
ಸಿಸ್ಕೋದಲ್ಲಿ "ಶೋ ಇಂಟರ್‌ಫೇಸಸ್ ಟ್ರಾನ್ಸೀವರ್ ಡೀಟೇಲ್". ಜುನಿಪರ್ ಆಗಿದ್ರೆ "ಶೋ ಇಂಟರ್‌ಫೇಸಸ್ ಡಯಾಗ್ನೊಸ್ಟಿಕ್ಸ್ ಆಪ್ಟಿಕ್ಸ್". ಲಿನಕ್ಸ್ ಸರ್ವರಿಗೆ ನೇರವಾಗಿ ಹಾಕಿದ್ರೆ "ಇಥ್‌ಟೂಲ್" ಜೊತೆ ಮೈನಸ್ ಎಂ. ಡೀಟೇಲ್ ಅಂತ ಕೊಟ್ರೆ ಪಕ್ಕದಲ್ಲೇ ಅಲಾರ್ಮ್ ಮಿತಿಗಳೂ ಬರ್ತವೆ, ಅದನ್ನ ಬಿಡಬೇಡಿ. ಎಸ್‌ಎಫ್‌ಎಫ್-8472 ಅನ್ನೋ ಸ್ಪೆಕ್ ಪ್ರಕಾರ ಈ ಮಿತಿಗಳು ಮಾಡ್ಯೂಲ್‌ನ ಮೆಮೊರಿಯಲ್ಲೇ ಬರೆದಿರ್ತವೆ.

ತುಂಗಾತೀರ
ತಗೊಂಡೆ. ಬೆಳಕೆಲ್ಲ ಡಿಬಿಎಂ ಲೆಕ್ಕದಲ್ಲಿ (1 ಮಿಲಿವಾಟ್ ಅಂದ್ರೆ 0; ಮೈನಸ್ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ).

ಹಾಸ್ಟೆಲ್ ಲಿಂಕ್: ಮೇನ್ ಬ್ಲಾಕ್ ಟಿಎಕ್ಸ್ −2.4, ಆರ್‌ಎಕ್ಸ್ −13.7. ಹಾಸ್ಟೆಲ್ ಕಡೆ ಟಿಎಕ್ಸ್ −2.2, ಆರ್‌ಎಕ್ಸ್ −4.9. ಬಯಾಸ್ ಎರಡೂ ಕಡೆ 35 ಮಿಲಿಆಂಪ್ ಆಸುಪಾಸು.

ಲೈಬ್ರರಿ ಲಿಂಕ್: ಮೇನ್ ಬ್ಲಾಕ್ ಟಿಎಕ್ಸ್ −2.6, ಆರ್‌ಎಕ್ಸ್ −10.6. ಲೈಬ್ರರಿ ಕಡೆ ಟಿಎಕ್ಸ್ −9.4, ಆರ್‌ಎಕ್ಸ್ −3.9, ಬಯಾಸ್ 68. ಟಿಎಕ್ಸ್‌ಗೂ ಬಯಾಸ್‌ಗೂ ಅಲಾರ್ಮ್ ಗುರುತು ಬಂದಿದೆ.

ಹುಬ್ಳಿ ಫೈಬರ್
ನೋಡ್ರಿ ಈಗ ಎಷ್ಟ್ ಸ್ವಚ್ಛ ಕಾಣ್ತು. ಲೈಬ್ರರಿ ಕಡೆ ಮಾಡ್ಯೂಲ್ ಖರೇನ ಮುಗದೈತಿ. 10ಜಿ ಎಲ್‌ಆರ್‌ಗೆ ಟಿಎಕ್ಸ್ ಕಡಿಮಿ ಅಂದ್ರ −8.2 ಇರಬೇಕು, ನಿಮ್ದು −9.4ಕ್ಕ ಇಳದೈತಿ. ಲೇಸರ್‌ಗೆ ವಯಸ್ಸಾದಂಗ ಅಷ್ಟ ಬೆಳಕು ಕೊಡಾಕ ಹೆಚ್ಚು ಕರೆಂಟ್ ಬೇಡತೈತಿ, ಅದಕ್ಕ ಬಯಾಸ್ ಏರೈತಿ. ಕಡೀಕ ಕರೆಂಟ್ ಕೊಟ್ರೂ ಬೆಳಕು ಬರೂದಿಲ್ಲ. ಅದೊಂದು ಬದಲ ಮಾಡ್ರಿ.

ಹಾಸ್ಟೆಲ್ ಲಿಂಕಿನ್ಯಾಗ ಎರಡೂ ಮಾಡ್ಯೂಲ್ ಗಟ್ಟಿ ಅದಾವ. ಅಲ್ಲಿಂದ −2.2 ಬಿಡ್ತದ, ನಿಮಗ −13.7 ಮುಟ್ತದ. ಅಂದ್ರ ದಾರ್ಯಾಗ 11.5 ಡಿಬಿ ಹೋತು. ಇನ್ನೊಂದು ಎಳಿಯೊಳಗ ಹೋಗಿದ್ದು ಬರೇ 2.5. ಎರಡೂ ಎಳಿ ಒಂದ ಕೇಬಲ್‌ದಾಗ ಅದಾವಲ್ಲ? ಹಂಗಾದ್ರ ಒಂದ ಎಳಿ ಎಲ್ಲೋ ಬಾಗೈತಿ ಇಲ್ಲಾ ಕನೆಕ್ಟರ್ ಹೊಲಸಾಗೈತಿ. ಹೊಸ ಮಾಡ್ಯೂಲ್ ಹಾಕಿದ್ರ ರೊಕ್ಕ ದಂಡ ಅಷ್ಟ.

ಡಿಸಿ ಮೇಷ್ಟ್ರು
ಒಪ್ಪಿದೆ. ಹೊಸಬರಿಗಾಗಿ ಲೆಕ್ಕ ಬಿಡಿಸಿ ಹೇಳ್ತೀನಿ. 1310 ನ್ಯಾನೋಮೀಟರ್‌ನಲ್ಲಿ ಸಿಂಗಲ್ ಮೋಡ್ ಫೈಬರ್ ಕಿಲೋಮೀಟರಿಗೆ ಸುಮಾರು 0.35 ಡಿಬಿ ತಿನ್ನುತ್ತೆ. 2 ಕಿ.ಮೀ.ಗೆ 0.7. ಪ್ರತಿ ಕನೆಕ್ಟರ್ ಜೋಡಿಗೆ ಅರ್ಧ ಡಿಬಿ ಅಂತ ಧಾರಾಳವಾಗಿ ಹಿಡಿದ್ರೂ ಒಟ್ಟು ಮೂರರೊಳಗೆ ಇರಬೇಕು. ಒಳ್ಳೇ ಎಳೆ 2.5 ತೋರಿಸ್ತಿರೋದು ಅದಕ್ಕೆ ಸರಿಹೊಂದುತ್ತೆ. ಎಲ್‌ಆರ್ ರಿಸೀವರ್ ಸೂಕ್ಷ್ಮತೆ −14.4 ತನಕ. ನೀವು −13.7ರಲ್ಲಿ ಅಂಚಿನ ಮೇಲೆ ನಿಂತಿದೀರಿ, ಸಿಆರ್‌ಸಿ ಬರೋದು ಸಹಜ.

3 ಡಿಬಿ ಹೋಯ್ತು ಅಂದ್ರೆ ಬೆಳಕು ಅರ್ಧ ಆಯ್ತು, 10 ಹೋದ್ರೆ ಹತ್ತನೇ ಒಂದು ಭಾಗ ಉಳೀತು. ಈ ಎರಡು ನೆನಪಲ್ಲಿಟ್ಕೊಂಡ್ರೆ ಅರ್ಧ ಕೆಲಸ ಕ್ಯಾಲ್ಕುಲೇಟರ್ ಇಲ್ಲದೆ ಆಗುತ್ತೆ.

ರ‍್ಯಾಕ್ ರಾಯ
ಆ ಇಆರ್ ಹಾಕಿಬಿಟ್ರೆ 40 ಕಿ.ಮೀ. ಪವರ್ ಸಿಗುತ್ತಲ್ಲ? 11 ಡಿಬಿ ಲಾಸ್ ಇದ್ರೂ ಎಳೆದುಕೊಂಡು ಹೋಗುತ್ತೆ. ಹಾಸ್ಟೆಲ್ ಹುಡುಗರಿಗೆ ಇವತ್ತೇ ನೆಟ್ ಸರಿಹೋಗುತ್ತೆ, ಕೇಬಲ್ ನಿಧಾನಕ್ಕೆ ನೋಡ್ಕೋಬಹುದು.

ಡಿಸಿ ಮೇಷ್ಟ್ರು
@ರ‍್ಯಾಕ್ ರಾಯ ಅದನ್ನ ಮಾತ್ರ ಮಾಡಬೇಡಿ. ಇಆರ್ ಟಿಎಕ್ಸ್ +4 ಡಿಬಿಎಂ ತನಕ ಬರಬಹುದು, ಅದರ ರಿಸೀವರ್ ತಡೆಯೋ ಗರಿಷ್ಠ −1. ಕೆಟ್ಟ ಎಳೆಯಲ್ಲಿ 11 ಡಿಬಿ ಹೋಗುತ್ತೆ ಸರಿ, ಒಳ್ಳೇ ಎಳೆಯಲ್ಲಿ 2.5 ಅಷ್ಟೇ ಹೋಗೋದು. ಆ ತುದಿಯ ರಿಸೀವರ್‌ಗೆ +1.5 ಬಿದ್ರೆ? ನಾಳೆ ಯಾರೋ ಕನೆಕ್ಟರ್ ಒರೆಸಿ ಕೆಟ್ಟ ಎಳೆ ಸರಿಮಾಡಿದ್ರು ಅನ್ಕೊಳ್ಳಿ, ಆಗ ಎರಡೂ ಕಡೆ ಓವರ್‌ಲೋಡ್. ಇಆರ್ ಹಾಕಲೇಬೇಕು ಅಂದ್ರೆ ಅಟೆನ್ಯುಯೇಟರ್ (ಬೆಳಕನ್ನ ಬೇಕಂತಲೇ ಕಮ್ಮಿ ಮಾಡೋ ಸಾಧನ) ಜೊತೆ, ಅದೂ ಪವರ್ ಮೀಟರಲ್ಲಿ ಅಳೆದ ಮೇಲೆ.

80 ಕಿ.ಮೀ. ಝಡ್‌ಆರ್ ಆದ್ರಂತೂ ಇನ್ನೂ ನಾಜೂಕು. ಅದರಲ್ಲಿ ಎಪಿಡಿ ಅನ್ನೋ ತುಂಬಾ ಸೂಕ್ಷ್ಮ ರಿಸೀವರ್ ಇರುತ್ತೆ, −7ಕ್ಕಿಂತ ಜಾಸ್ತಿ ಬಿಡಬಾರದು. ನಾನು ಹಿಂದೆ ಇದ್ದ ಒಂದು ಡೇಟಾ ಸೆಂಟರ್‌ನಲ್ಲಿ ಟೆಸ್ಟ್ ಮಾಡೋಕೆ ಅಂತ ಯಾರೋ ಝಡ್‌ಆರ್ ಜೋಡಿಯನ್ನ ಮೂರು ಮೀಟರ್ ಪ್ಯಾಚ್ ಕಾರ್ಡಲ್ಲಿ (ಎರಡೂ ತುದಿಗೆ ಕನೆಕ್ಟರಿರೋ ಗಿಡ್ಡ ಫೈಬರ್) ಮುಖಾಮುಖಿ ಕೂಡಿಸಿದ್ರು. ಎರಡೂ ರಿಸೀವರ್ ಕುರುಡಾದ್ವು. ಟಿಎಕ್ಸ್ ಚೆನ್ನಾಗೇ ತೋರಿಸ್ತಿತ್ತು, ಅದಕ್ಕೇ ಇಡೀ ದಿನ ಕೇಬಲ್ ಹುಡುಕ್ತಾ ಕೂತಿದ್ರು.

ಹೊಸಬ22
ಒಂದು ಕಡೆ ಇಆರ್, ಇನ್ನೊಂದು ಕಡೆ ಎಲ್‌ಆರ್ ಹಾಕಿದ್ರೆ? ಲಿಂಕ್ ಬರೋದೇ ಇಲ್ಲ ಅಲ್ವಾ, 1550 ಮತ್ತು 1310 ಬೇರೆ ಬೇರೆ.

ಗಾಜಿನೆಳೆ
ಬರುತ್ತೆ! ಇದನ್ನ ತುಂಬಾ ಜನ ತಪ್ಪು ತಿಳಿದಿದಾರೆ. ರಿಸೀವರ್ ಒಳಗಿರೋ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಿಟೆಕ್ಟರ್‌ಗೆ 1310ಉ ಕಾಣುತ್ತೆ, 1550ಉ ಕಾಣುತ್ತೆ. ಮುಂದೆ ಫಿಲ್ಟರ್ ಇಲ್ಲದಿದ್ರೆ ಎರಡನ್ನೂ ಹಿಡಿಯುತ್ತೆ. ಹಾಗಾಗಿ ಎಷ್ಟೋ ಸಲ ಲಿಂಕ್ ಎದ್ದು ನಿಲ್ಲುತ್ತೆ.

ನೈಟ್‌ಶಿಫ್ಟ್ ನಾಗ
@ಗಾಜಿನೆಳೆ ಎದ್ದು ನಿಲ್ಲುತ್ತೆ ಅನ್ನೋದೇ ಸಮಸ್ಯೆ. ಲಿಂಕ್ ಬಂತು ಅಂತ ಬಿಟ್ಟು ಹೋಗ್ತಾರೆ, ಮಿತಿಯೊಳಗಿದೆಯಾ ಅಂತ ನೋಡಲ್ಲ. ಬೆಳಗಿನ ಜಾವ ಮೂರಕ್ಕೆ ಫೋನ್ ಬರೋದು ನನ್ನಂಥವನಿಗೆ. ಎರಡೂ ಕಡೆ ಒಂದೇ ಬಗೆಯದು ಹಾಕಿ, ವಾದ ಬೇಡ.

ಗಾಜಿನೆಳೆ
ಹಾಕಿ ಅಂತ ನಾನೆಲ್ಲಿ ಹೇಳಿದೆ? ಲಿಂಕ್ ಲೈಟ್ ಹತ್ತಿದ ಮಾತ್ರಕ್ಕೆ ಸರಿಯಾದ ಮಾಡ್ಯೂಲ್ ಅಂತ ನಂಬಬೇಡಿ ಅಂತಲೇ ನಾನೂ ಹೇಳ್ತಿರೋದು.

ಆದ್ರೆ "ಎರಡೂ ಕಡೆ ಒಂದೇ" ಅನ್ನೋ ನಿಯಮ ಬೈಡೈ ಮಾಡ್ಯೂಲ್‌ಗೆ ಉಲ್ಟಾ. ಒಂದೇ ಎಳೆಯಲ್ಲಿ ಹೋಗಿ ಬರೋದ್ರಿಂದ ಒಂದು ತುದಿ 1270 ಕಳಿಸಿ 1330 ಹಿಡಿಯಬೇಕು, ಇನ್ನೊಂದು ತುದಿ 1330 ಕಳಿಸಿ 1270 ಹಿಡಿಯಬೇಕು. ಎರಡೂ ಕಡೆ ಒಂದೇ ಹಾಕಿದ್ರೆ ಅಲ್ಲಿ ಖಂಡಿತ ಲಿಂಕ್ ಬರಲ್ಲ, ಅವುಗಳೊಳಗೆ ಫಿಲ್ಟರ್ ಇದೆ. ಲೇಬಲ್ ಓದದೆ ಬರೀ ಲ್ಯಾಚಿನ ಬಣ್ಣ ನೋಡಿ ಹಾಕೋರಿಗೆ ಹೀಗಾಗುತ್ತೆ.

ಕುಡ್ಲ ಕೇಬಲ್
ಕಣ್ಣಿನ ವಿಷಯಕ್ಕೆ ಯಾರೂ ಉತ್ತರ ಕೊಡ್ಲಿಲ್ಲ ಅಲ್ವಾ ಮಾರಾಯ್ರೆ. ಅದೇ ಮುಖ್ಯ ಉಂಟು.

ಎಲ್‌ಆರ್‌ನಂಥ ಮಾಡ್ಯೂಲ್ ಎಲ್ಲ ಕ್ಲಾಸ್ 1 ಲೇಸರ್, ಮಾಮೂಲಿ ಬಳಕೆಯಲ್ಲಿ ಕಣ್ಣಿಗೆ ಹಾನಿ ಮಾಡುವಷ್ಟು ಇಲ್ಲ. ಹಾಗಂತ ಇಣುಕಿ ನೋಡ್ಲಿಕ್ಕೆ ಹೋಗ್ಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದ್ದರಿಂದ ಕಣ್ಣು ತನ್ನಷ್ಟಕ್ಕೆ ಮುಚ್ಚಿಕೊಳ್ಳುವುದೂ ಇಲ್ಲ. ಇನ್ನು ನಮ್ಮ ಕೇಬಲ್ ಟೀವಿಯಲ್ಲಿ 1550ರ ಆಂಪ್ಲಿಫಯರ್ ಇರ್ತದೆ, +20 ಡಿಬಿಎಂ ಅಂದ್ರೆ 100 ಮಿಲಿವಾಟ್. ಅದು ಆಟದ ಮಾತಲ್ಲ. ಒಂದೇ ರ‍್ಯಾಕಿನಲ್ಲಿ ಎರಡೂ ಇದ್ದರೆ ಯಾವ ಹಳದಿ ಪ್ಯಾಚ್ ಕಾರ್ಡ್ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ನಾನು ಹುಡುಗರಿಗೆ ಹೇಳುವುದು ಒಂದೇ: ಬೆಳಕು ಉಂಟು ಅಂತಲೇ ಹಿಡ್ಕೊಳ್ಳಿ, ತುದಿ ಯಾರ ಮುಖದ ಕಡೆಗೂ ತಿರುಗಿಸಬೇಡಿ.

ಹೊಸಬ22
ಮೊಬೈಲ್ ಕ್ಯಾಮೆರಾದಲ್ಲಿ ನೋಡಿದ್ರೆ ನೇರಳೆ ಚುಕ್ಕೆ ಕಾಣುತ್ತಲ್ಲ, ಹಾಗೆ ಚೆಕ್ ಮಾಡ್ಕೊಂಡ್ರೆ ಸಾಕಲ್ವಾ?

ಕುಡ್ಲ ಕೇಬಲ್
@ಹೊಸಬ22 ಅದು 850ಕ್ಕೆ ಮಾತ್ರ, ಕಡಿಮೆ ದೂರದ ಮಲ್ಟಿ ಮೋಡ್ ಮಾಡ್ಯೂಲ್ ಎಸ್‌ಎಕ್ಸ್, ಎಸ್‌ಆರ್‌ಗೆ. ಮೊಬೈಲಿನ ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್ ದಾಟಿದ್ರೆ ಕುರುಡು. 1310, 1490, 1550 ಯಾವುದೂ ಅದಕ್ಕೆ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಕಾಣ್ಲಿಲ್ಲ ಅಂತ ಕಣ್ಣಿಟ್ಟವರು ಉಂಟು. ಪವರ್ ಮೀಟರ್ ಒಂದೇ ದಾರಿ.

ಗಾಜಿನೆಳೆ
ಇದಕ್ಕೆ ಒಂದು ಸೇರಿಸ್ತೀನಿ. ಕನೆಕ್ಟರ್ ತುದಿ ನೋಡೋಕೆ ಸಾದಾ ಕೈ ಮೈಕ್ರೋಸ್ಕೋಪ್ ಬಳಸ್ತಾರಲ್ಲ, ಅದು ಬೆಳಕನ್ನ ಒಟ್ಟುಗೂಡಿಸಿ ನೇರ ಕಣ್ಣಿನೊಳಗೆ ಬಿಡುತ್ತೆ. ಬರಿಗಣ್ಣಿಗೆ ಸುರಕ್ಷಿತ ಅಂತ ಇರೋ ಲೆಕ್ಕ ಅಲ್ಲಿ ಕೆಲಸಕ್ಕೆ ಬರಲ್ಲ. ಸ್ಕ್ರೀನಿರೋ ವಿಡಿಯೋ ಸ್ಕೋಪ್ ತಗೊಳ್ಳಿ, ಸ್ವಲ್ಪ ದುಡ್ಡಾದ್ರೂ.

ಮತ್ತೆ ನಮ್ಮ ಕಡೆ ಪೋರ್ಟ್ ಶಟ್‌ಡೌನ್ ಕೊಟ್ಟಿದೀವಿ ಅಂತ ಧೈರ್ಯವಾಗಿರ್ತಾರೆ. ಕೈಲಿ ಹಿಡಿದಿರೋ ಎಳೆಯಲ್ಲಿ ಬರ್ತಿರೋದು ಆ ಕಡೆ ಮಾಡ್ಯೂಲಿನ ಬೆಳಕು. ನಿಮ್ಮ ಶಟ್‌ಡೌನ್‌ಗೂ ಅದಕ್ಕೂ ಸಂಬಂಧ ಇಲ್ಲ. ಎರಡೂ ತುದಿ ಶಟ್ ಮಾಡಿ, ಆಮೇಲೂ ಮೀಟರ್ ಇಟ್ಟು ನೋಡಿ. ಎಲ್ಲ ಸ್ವಿಚ್‌ಗಳೂ ಶಟ್‌ಡೌನಲ್ಲಿ ಲೇಸರ್ ಆರಿಸುತ್ತವೆ ಅಂತ ಭರವಸೆ ಇಟ್ಕೋಬೇಡಿ.

ತುಂಗಾತೀರ
ಎರಡೂ ಕಡೆ ಶಟ್ ಮಾಡೋದು ನನ್ನ ತಲೆಗೆ ಹೊಳೆದಿರಲಿಲ್ಲ, ಒಳ್ಳೇ ಮಾತು. ಲೈಬ್ರರಿ ಮಾಡ್ಯೂಲ್ ನಾಡಿದ್ದು ಸಂಜೆ ಬದಲಿಸ್ತೀನಿ. ಕೈಕೆಲಸದ ಕ್ರಮ ಯಾರಾದ್ರೂ ವಿವರವಾಗಿ ಹೇಳ್ತೀರಾ?

ಡಿಸಿ ಮೇಷ್ಟ್ರು
ಹೇಳ್ತೀನಿ. ಮೊದಲು ಯಾವ ಪೋರ್ಟ್ ಅಂತ ಖಚಿತ ಮಾಡ್ಕೊಳ್ಳಿ. ಪ್ಯಾಚ್ ಕಾರ್ಡಿಗೆ ಲೇಬಲ್ ಇಲ್ಲದಿದ್ರೆ ಕೀಳೋ ಮುಂಚೆ ಲೇಬಲ್ ಅಂಟಿಸಿ, ಎ ಯಾವುದು ಬಿ ಯಾವುದು ಅಂತ ಫೋಟೋ ತೆಗೆದಿಟ್ಕೊಳ್ಳಿ. ಹೊಸ ಮಾಡ್ಯೂಲಿನ ಲೇಬಲ್‌ನಲ್ಲಿ ವೇಗ, ತರಂಗಾಂತರ, ದೂರ ಮೂರನ್ನೂ ಹಳೇದರ ಜೊತೆ ಹೋಲಿಸಿ. ಎರಡೂ ತುದಿ ಶಟ್‌ಡೌನ್.

ರ‍್ಯಾಕಿನ ಬಣ್ಣ ಬಳಿಯದ ಲೋಹಕ್ಕೆ ಗ್ರೌಂಡ್ ಆಗಿರೋ ರಿಸ್ಟ್ ಸ್ಟ್ರಾಪ್ ಕಟ್ಟಿ. ಮೊದಲು ಫೈಬರ್ ಕಳಚಿ, ಎಳೆ ಹಿಡಿದು ಎಳೀಬೇಡಿ, ಎಲ್‌ಸಿ ಕನೆಕ್ಟರಿನ ಮೇಲಿನ ನಾಲಿಗೆ ಒತ್ತಿ ಕನೆಕ್ಟರ್ ದೇಹವನ್ನೇ ಹಿಡಿದು ತೆಗೀರಿ. ತೆಗೆದ ಕೂಡಲೇ ಫೈಬರಿಗೂ ಮಾಡ್ಯೂಲಿಗೂ ಡಸ್ಟ್ ಕ್ಯಾಪ್. ಫೈಬರ್ ಸಿಕ್ಕಿಸಿಕೊಂಡೇ ಮಾಡ್ಯೂಲ್ ಎಳೆಯೋ ಅಭ್ಯಾಸ ತುಂಬಾ ಜನಕ್ಕಿದೆ, ಅದರಿಂದ ಕನೆಕ್ಟರ್ ತುದಿ, ಲ್ಯಾಚ್, ಕೇಜ್ (ಮಾಡ್ಯೂಲ್ ಕೂರೋ ಲೋಹದ ಗೂಡು) ಮೂರಕ್ಕೂ ಪೆಟ್ಟು.

ಆಮೇಲೆ ಲ್ಯಾಚ್ ಕಡ್ಡಿ ಪೂರ್ತಿ ಕೆಳಗೆ ಮಡಚಿ ನೇರವಾಗಿ ಎಳೀರಿ. ಅಲ್ಲಾಡಿಸಬೇಡಿ. ಸ್ವಲ್ಪ ಹೊತ್ತು ಬಿಟ್ಟು, ಮಾಡ್ಯೂಲ್ ಹೋಯ್ತು ಅಂತ ಲಾಗಲ್ಲಿ ಬಂದ ಮೇಲೆ ಹೊಸದನ್ನ ಹಾಕಿ. ಹಾಕುವಾಗ ಲ್ಯಾಚ್ ಮುಚ್ಚಿರಬೇಕು, ಕ್ಯಾಪ್ ಇರಬೇಕು, ಟಕ್ ಅನ್ನೋ ತನಕ ತಳ್ಳಬೇಕು. ಎರಡು ಸಾಲು ಪೋರ್ಟಿರೋ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಕೆಳಸಾಲಿನ ಮಾಡ್ಯೂಲ್ ತಲೆಕೆಳಗಾಗಿ ಕೂರುತ್ತೆ. ಹೋಗ್ತಿಲ್ಲ ಅಂದ್ರೆ ಬಲ ಹಾಕಬೇಡಿ, ತಿರುಗಿಸಿ ನೋಡಿ.

ಕೊನೆಗೆ ಕನೆಕ್ಟರ್ ಸ್ಕೋಪಲ್ಲಿ ನೋಡಿ, ಶುಚಿ ಮಾಡಿ, ಮತ್ತೆ ನೋಡಿ, ಆಮೇಲೆ ಸೇರಿಸಿ.

ರ‍್ಯಾಕ್ ರಾಯ
ರಿಸ್ಟ್ ಸ್ಟ್ರಾಪ್ ಎಲ್ಲ ಪುಸ್ತಕದ ಮಾತು ಮೇಷ್ಟ್ರೇ. ವರ್ಷಗಟ್ಟಲೆ ಕಟ್ಟದೇ ಬದಲಾಯಿಸಿದೀನಿ, ಒಂದೂ ಹೋಗಿಲ್ಲ.

ಡಿಸಿ ಮೇಷ್ಟ್ರು
ಹೋಗಿದ್ದು ನಿಮಗೆ ಗೊತ್ತಾಗಿಲ್ಲ ಅಂತ ಹೇಳಿ. ಬಾಗಿಲ ಹಿಡಿ ಮುಟ್ಟಿದಾಗ ಚುರ್ ಅಂತ ನಮಗೆ ತಿಳೀಬೇಕಾದ್ರೆ ಸುಮಾರು 3000 ವೋಲ್ಟ್ ಬೇಕು. ಲೇಸರ್ ಡಯೋಡ್ ಹಾಳಾಗೋಕೆ ಕೆಲವು ನೂರು ಸಾಕು. ಅದೂ ಅವತ್ತೇ ಸಾಯಲ್ಲ, ಒಳಗೆ ಗಾಯ ಆಗಿ ಆರು ತಿಂಗಳಿಗೋ ವರ್ಷಕ್ಕೋ ಕೈಕೊಡುತ್ತೆ. ಆಗ ಕಂಪನಿ ಮಾಲು ಸರಿ ಇಲ್ಲ ಅಂತೀವಿ. ಎಸಿ ಹಾಕಿರೋ ಸರ್ವರ್ ರೂಮ್ ಒಣಗಿರುತ್ತೆ, ಜನವರಿ ಫೆಬ್ರವರಿಯಲ್ಲಿ ಇನ್ನೂ ಜಾಸ್ತಿ.

ಹುಬ್ಳಿ ಫೈಬರ್
ಮೇಷ್ಟ್ರು ಹೇಳೂದು ಖರೇ. ಅದರ ಜೋಡಿ ಮಾಡ್ಯೂಲ್ ಕಿಸೆದಾಗ ಹಾಕ್ಕೊಂಡು ಅಡ್ಡಾಡೂದು ಬಿಡ್ರಿ. ಆ್ಯಂಟಿ ಸ್ಟ್ಯಾಟಿಕ್ ಚೀಲ ಇಲ್ಲಂದ್ರ ಅದು ಬಂದ ಪ್ಲಾಸ್ಟಿಕ್ ಡಬ್ಬಿನ ಇಟ್ಕೊಳ್ರಿ.

ಕುಡ್ಲ ಕೇಬಲ್
ಬಿಸಿ ಸಹ ನೋಡ್ಕೊಳ್ಳಿ. ಓಡ್ತಾ ಇದ್ದ ಮಾಡ್ಯೂಲ್ ತೆಗೆದ ಕೂಡಲೇ ಗಟ್ಟಿ ಹಿಡಿದ್ರೆ ಬೆರಳು ಸುಡ್ತದೆ. ಎಲ್‌ಆರ್ ಸುಮಾರು 1 ವಾಟ್, ಅಷ್ಟೇನಿಲ್ಲ. 10ಜಿ ಕಾಪರ್ ಮಾಡ್ಯೂಲ್ ಎರಡೂವರೆ ವಾಟ್ ತಿಂತದೆ, 100ಜಿ ಕ್ಯೂಎಸ್‌ಎಫ್‌ಪಿ28 ಮೂರೂವರೆ ತನಕ ಹೋಗ್ತದೆ. ನಮ್ಮ ಕರಾವಳಿಯಲ್ಲಿ ಎಸಿ ಇಲ್ಲದ ಪೆಟ್ಟಿಗೆಯೊಳಗೆ ಏಪ್ರಿಲ್ ಮೇಯಲ್ಲಿ 0ಯಿಂದ 70 ಡಿಗ್ರಿಯ ಮಾಮೂಲಿ ಮಾಡ್ಯೂಲ್ ಸಾಕಾಗುವುದಿಲ್ಲ, −40ರಿಂದ 85ರ ಇಂಡಸ್ಟ್ರಿಯಲ್ ಹಾಕ್ಬೇಕು. ಬೆಲೆ ಜಾಸ್ತಿ, ಆದ್ರೆ ಪದೇ ಪದೇ ಕಂಬ ಹತ್ತುವ ಕೆಲಸ ಉಳೀತದೆ.

ಬಯಲುಸೀಮೆ ಕೇಬಲ್
ಇದೇ ವಿಷಯ ಇರೋದ್ರಿಂದ ಕೇಳ್ತೀನಿ. ನಾವು ಜಿಪಾನ್ ಓಎಲ್‌ಟಿ ಇಟ್ಟಿದೀವಿ, ಅಂದ್ರೆ ಒಂದೇ ಫೈಬರನ್ನ ಹಂಚಿ ಎಷ್ಟೋ ಮನೆಗೆ ನೆಟ್ ಕೊಡೋ ಆಫೀಸ್ ಕಡೆ ಪೆಟ್ಟಿಗೆ. ಪಾನ್ ಪೋರ್ಟಿನ ಮಾಡ್ಯೂಲ್ ಬದಲಿಸೋದೂ ಹೀಗೇನಾ? ಒಂದು ಪೋರ್ಟ್ ಅಂದ್ರೆ 64 ಮನೆ, ಕೈ ನಡುಗುತ್ತೆ.

ಕುಡ್ಲ ಕೇಬಲ್
@ಬಯಲುಸೀಮೆ ಕೇಬಲ್ ಕೈಕೆಲಸ ಹೀಗೆಯೇ, ಮಾಡ್ಯೂಲ್ ಬೇರೆ. ನೋಡ್ಲಿಕ್ಕೆ ಎಸ್‌ಎಫ್‌ಪಿ ಥರಾನೇ ಉಂಟು, ಮುಂದೆ ಒಂದೇ ಎಸ್‌ಸಿ (ಎಲ್‌ಸಿಗಿಂತ ದೊಡ್ಡ ಕನೆಕ್ಟರ್) ತೂತು. ಜಿಪಾನ್‌ದು ಜಿಪಾನಿಗೆ, ಇನ್ನೊಂದು ಬಗೆಯ ಇಪಾನ್‌ದು ಇಪಾನಿಗೆ, ಅದಲುಬದಲು ಆಗುವುದಿಲ್ಲ. ಪವರ್ ಕ್ಲಾಸ್ ನೋಡಿ: ಬಿ ಪ್ಲಸ್ ಆದ್ರೆ ಟಿಎಕ್ಸ್ +1.5ರಿಂದ +5, ಸಿ ಪ್ಲಸ್ ಆದ್ರೆ +3ರಿಂದ +7. ಬಿ ಪ್ಲಸ್ ಇದ್ದಲ್ಲಿ ಸಿ ಪ್ಲಸ್ ಹಾಕಿದ್ರೆ ಹತ್ತಿರದ ಮನೆಗಳಿಗೆ ಬೆಳಕು ಜಾಸ್ತಿ ಆದೀತು. ಓಎನ್‌ಟಿ, ಅಂದ್ರೆ ಮನೆಯ ಪೆಟ್ಟಿಗೆ, ಸಾಮಾನ್ಯವಾಗಿ −8ರ ಮೇಲೆ ತಡೆಯುವುದಿಲ್ಲ. ಟೇಬಲ್ ಮೇಲೆ ಬೆಳಕು ಹಂಚುವ ಸ್ಪ್ಲಿಟ್ಟರ್ ಇಲ್ಲದೆ ಓಎಲ್‌ಟಿಗೆ ನೇರ ಓಎನ್‌ಟಿ ಕೊಟ್ಟು ಪರೀಕ್ಷೆ ಮಾಡುವುದು ಅದಕ್ಕೇ ತಪ್ಪು, 15 ಡಿಬಿ ಅಟೆನ್ಯುಯೇಟರ್ ಹಾಕಿ.

ಇನ್ನೊಂದು, ಹಸಿರು ಕನೆಕ್ಟರನ್ನು ನೀಲಿ ಪೋರ್ಟಿಗೆ ತಳ್ಳಬೇಡಿ. ಹಸಿರು ಎಪಿಸಿ, ತುದಿ 8 ಡಿಗ್ರಿ ಓರೆ ಉಜ್ಜಿದ್ದು. ನೀಲಿ ಯುಪಿಸಿ, ಓರೆ ಇಲ್ಲದ್ದು. ಎರಡರ ಮಧ್ಯೆ ಗಾಳಿ ಸಂದು ಉಳಿದು ಲಾಸ್ ಬರ್ತದೆ, ಮಾಡ್ಯೂಲ್ ಒಳಗಿನ ತುದಿಗೂ ಗೀರು ಬೀಳಬಹುದು.

ಬಯಲುಸೀಮೆ ಕೇಬಲ್
ನಮ್ಮಲ್ಲಿ ಒಬ್ಬ ಹಸಿರು-ನೀಲಿ ಹಾಕೇ ನಡೆಸ್ತಿದಾನೆ ಅಣ್ಣ. ನಾಳೆ ಮೊದಲನೇ ಕೆಲಸ ಅದೇ.

ನೈಟ್‌ಶಿಫ್ಟ್ ನಾಗ
@ತುಂಗಾತೀರ ನಿಮ್ಮ ಹೊಸ ಎಲ್‌ಆರ್ ಸಿಸ್ಕೋದೇನಾ, ಬೇರೆ ಕಂಪನಿ ಮಾಡಿದ ಕಂಪ್ಯಾಟಿಬಲ್ಲಾ? ಹಾಕಿದ ಕೂಡಲೇ ಪೋರ್ಟ್ ಎರ್ ಡಿಸೇಬಲ್ ಆಗಿ (ಸ್ವಿಚ್ ತಾನೇ ಪೋರ್ಟ್ ಮುಚ್ಚಿ) "ಜಿಬಿಕ್ ಇನ್‌ವ್ಯಾಲಿಡ್" ಅಂತ ಬಂದ್ರೆ ಗಾಬರಿ ಬೀಳಬೇಡಿ. ಮಾಡ್ಯೂಲ್ ಮೆಮೊರಿಯಲ್ಲಿರೋ ವೆಂಡರ್ ಕೋಡನ್ನ ಸ್ವಿಚ್ ಒಪ್ಪಿಲ್ಲ ಅಂತ ಅರ್ಥ. "ಸರ್ವಿಸ್ ಅನ್‌ಸಪೋರ್ಟೆಡ್ ಟ್ರಾನ್ಸೀವರ್" ಅನ್ನೋ ಕಮಾಂಡ್ ಇದೆ, ಒಪ್ಪಿಸೋಕೆ. ಆದ್ರೆ ಆಮೇಲೆ ಸಪೋರ್ಟ್ ಕೇಸ್ ಹಾಕಿದ್ರೆ ಮೂಲ ಮಾಡ್ಯೂಲ್ ಹಾಕಿ ತೋರಿಸಿ ಅಂತ ಕೇಳಬಹುದು. ಒಂದು ಮೂಲದ್ದು ಇಟ್ಕೊಂಡಿರಿ.

ರ‍್ಯಾಕ್ ರಾಯ
ಕಂಪ್ಯಾಟಿಬಲ್ ಚೆನ್ನಾಗೇ ನಡೀತವೆ, ಬೆಲೆ ಎಷ್ಟೋ ಪಾಲು ಕಮ್ಮಿ. ಕಾಲೇಜಿನ ಬಜೆಟ್‌ಗೆ ಅದೇ ಸರಿ.

ಡಿಸಿ ಮೇಷ್ಟ್ರು
ಬೆಲೆ ವಿಷಯದಲ್ಲಿ ರಾಯರ ಮಾತು ಒಪ್ತೀನಿ. ಒಳ್ಳೇ ಕಡೆ ತಗೊಳ್ಳಿ, ನಿಮ್ಮ ಸ್ವಿಚ್ ಮಾಡೆಲ್ ಹೇಳಿ ಕೋಡ್ ಮಾಡಿಸಿ ತರಿಸಿ. ಬಂದ ದಿನವೇ ಪ್ಯಾಕಲ್ಲಿ ಇಡದೆ ಖಾಲಿ ಪೋರ್ಟಿಗೆ ಹಾಕಿ, ಸ್ವಿಚ್ ಗುರುತಿಸುತ್ತಾ, ಡಿಡಿಎಂ ಸರಿಯಾಗಿ ಓದುತ್ತಾ ನೋಡಿ. ರಾತ್ರಿ ಲಿಂಕ್ ಬಿದ್ದಾಗ ಸ್ಪೇರ್ ತೆಗೆದು, ಅದು ಆಗಲ್ಲ ಅಂತ ಆಗ ತಿಳಿಯೋದು ಬೇಡ.

ತುಂಗಾತೀರ
ಇವತ್ತೇ ಪರೀಕ್ಷೆ ಮಾಡಿದೆ, ಕಂಪ್ಯಾಟಿಬಲ್ಲೇ, ಸ್ವಿಚ್ ಒಪ್ಪಿಕೊಳ್ತು. ಶುಚಿ ಮಾಡೋದಕ್ಕೆ ಮೆಡಿಕಲ್ ಶಾಪ್ ಸ್ಪಿರಿಟ್ ಆಗುತ್ತಾ?

ಗಾಜಿನೆಳೆ
ಬೇಡ. ಅದರಲ್ಲಿ ನೀರು ಜಾಸ್ತಿ, ಒಣಗಿದ ಮೇಲೆ ಕಲೆ ಉಳಿಯುತ್ತೆ. 99% ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ವೈಪ್. ಒದ್ದೆ ಜಾಗದಿಂದ ಒಣ ಜಾಗಕ್ಕೆ ಒಂದೇ ದಿಕ್ಕಿಗೆ ಎಳೀರಿ, ಒಮ್ಮೆ ಬಳಸಿದ ಜಾಗ ಮತ್ತೆ ಬಳಸಬೇಡಿ. ಅಂಗಿ ತುದಿ, ಕರ್ಚೀಫ್, ಬಾಯಿಂದ ಊದೋದು ಯಾವುದೂ ಬೇಡ. ಸಿಂಗಲ್ ಮೋಡ್‌ನ ಕೋರ್ 9 ಮೈಕ್ರಾನ್ ಅಷ್ಟೇ, ತಲೆಕೂದಲಿಗಿಂತ ಎಷ್ಟೋ ತೆಳು. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಅಡ್ಡ ಕೂತ್ರೆ ನಿಮ್ಮ 11 ಡಿಬಿ ಕಥೆ ಆಗುತ್ತೆ. ಅಷ್ಟೇ ಅಲ್ಲ, ಆ ಕಣ ಸಮೇತ ಹೊಸ ಮಾಡ್ಯೂಲಿಗೆ ಚುಚ್ಚಿದ್ರೆ ಹೊಸದರ ತುದಿಗೂ ಅಂಟುತ್ತೆ, ಗೀರಾಗುತ್ತೆ.

ಮಾಡ್ಯೂಲಿನ ತೂತಿಗೆ ಆಲ್ಕೋಹಾಲ್ ಹಾಕಲೇಬೇಡಿ. ಕ್ಲಿಕ್ ಮಾಡೋ ಪೆನ್ ಥರದ ಕ್ಲೀನರ್ ಸಿಗುತ್ತೆ, ಎಲ್‌ಸಿಗೆ 1.25 ಮಿ.ಮೀ. ತುದಿಯದ್ದು, ಎಸ್‌ಸಿಗೆ 2.5. ಅದನ್ನೇ ಬಳಸಿ.

ಹೊಸಬ22
ಡಸ್ಟ್ ಕ್ಯಾಪ್ ಹಾಕಿಟ್ಟಿದ್ದ ಹೊಸ ಪ್ಯಾಚ್ ಕಾರ್ಡಿಗೂ ಶುಚಿ ಬೇಕಾ?

ಗಾಜಿನೆಳೆ
ಬೇಕು. ಕ್ಯಾಪೊಳಗೇ ಧೂಳು, ಎಣ್ಣೆ ಅಂಶ ಇರುತ್ತೆ. ಪ್ಯಾಕೆಟ್ ಒಡೆದ ಹೊಸ ಕಾರ್ಡನ್ನೂ ಸ್ಕೋಪಲ್ಲಿ ನೋಡದೆ ನಾನು ಚುಚ್ಚಲ್ಲ.

ಹುಬ್ಳಿ ಫೈಬರ್
ಹಾಸ್ಟೆಲ್ ಎಳಿ ಹುಡುಕೂಮುಂದ ಓಟಿಡಿಆರ್ (ಎಳಿಯೊಳಗ ಬೆಳಕು ಹೊಡದು ಎಲ್ಲಿ ಕೆಟ್ಟೈತಿ ಅಂತ ತೋರ್ಸೂ ಯಂತ್ರ) ಹಚ್ಚತೀರಿ ಅಂದ್ರ ಎರಡೂ ತುದಿ ಮಾಡ್ಯೂಲಿಂದ ಫೈಬರ್ ಬಿಚ್ಚಿ ಹಚ್ರಿ. ಓಟಿಡಿಆರ್ ಹೊಡಿಯೂ ಪಲ್ಸ್ ಆಚಿ ಕಡೆ ರಿಸೀವರ್ ಸುಟ್ಟೀತು. 1310, 1550 ಎರಡರಾಗೂ ಹೊಡೀರಿ. ಒಂದ ಜಾಗಾದಾಗ 1550ಕ್ಕ ಲಾಸ್ ಜಾಸ್ತಿ, 1310ಕ್ಕ ಕಡಿಮಿ ಬಂತಂದ್ರ ಅಲ್ಲಿ ಎಳಿ ಬಾಗೈತಿ. ಎರಡಕ್ಕೂ ಹೆಚ್ಚೂ ಕಡಿಮಿ ಒಂದ ಸಮ ಬಂದ್ರ ಕನೆಕ್ಟರ್ ಇಲ್ಲಾ ಸ್ಪ್ಲೈಸ್ (ಎಳಿ ಬೆಸದ ಜಾಗಾ) ನೋಡ್ರಿ.

ತುಂಗಾತೀರ
ಎಲ್ಲ ಮುಗೀತು, ವಿವರ ಹಾಕ್ತೀನಿ.

ಲೈಬ್ರರಿ: ಮೇಷ್ಟ್ರು ಹೇಳಿದ ಕ್ರಮದಲ್ಲೇ ಮಾಡಿದ್ವಿ. ಮಾಡ್ಯೂಲ್ ಕೀಳೋ ಕೆಲಸ ಹುಡುಗರ ಕೈಲೇ ಮಾಡಿಸಿದೆ. ಹೊಸದರ ಟಿಎಕ್ಸ್ −2.5, ಬಯಾಸ್ 33, ಮೇನ್ ಬ್ಲಾಕಿನಲ್ಲಿ ಆರ್‌ಎಕ್ಸ್ −3.8. ಲಿಂಕ್ ಆಮೇಲೆ ಒಮ್ಮೆಯೂ ಬಿದ್ದಿಲ್ಲ.

ಹಾಸ್ಟೆಲ್: ಓಟಿಡಿಆರ್ ಬೇಕಾಗಲೇ ಇಲ್ಲ. ಹಾಸ್ಟೆಲ್ ಕಡೆ ಗೋಡೆ ಪೆಟ್ಟಿಗೆಯಲ್ಲಿ ಟಿಎಕ್ಸ್ ಪ್ಯಾಚ್ ಕಾರ್ಡ್ ಬಾಗಿಲಿನ ಕೀಲಿನ ಸಂದಿಗೆ ಸಿಕ್ಕಿ ಮಡಚಿಕೊಂಡಿತ್ತು. ಪೆಟ್ಟಿಗೆ ಬಾಗಿಲು ತೆಗೆದ್ರೆ ಮೇನ್ ಬ್ಲಾಕಿನ ಆರ್‌ಎಕ್ಸ್ −9ಕ್ಕೆ ಏರ್ತಿತ್ತು, ಮುಚ್ಚಿದ್ರೆ ಮತ್ತೆ −13! ಕಾರ್ಡ್ ಬದಲಿಸಿದ ಮೇಲೂ −8.6 ಇತ್ತು. ಸ್ಕೋಪಲ್ಲಿ ನೋಡಿದ್ರೆ ಪ್ಯಾಚ್ ಪ್ಯಾನೆಲ್ ಒಳಗಿನ ಕನೆಕ್ಟರ್ ತುದಿಯಲ್ಲಿ ಸರಿಯಾಗಿ ಕೋರ್ ಮೇಲೆ ಒಂದು ಕಪ್ಪು ಚುಕ್ಕೆ, ಸುತ್ತ ಎಣ್ಣೆಯ ಉಂಗುರ. ಎರಡು ಸಲ ಒರೆಸಿದ ಮೇಲೆ ಹೋಯ್ತು. ಈಗ −4.8. ಸಿಆರ್‌ಸಿ ಕೌಂಟರ್ ಸೊನ್ನೆ ಮಾಡಿಟ್ಟಿದ್ದೆ, ಇನ್ನೂ ಸೊನ್ನೆಯಲ್ಲೇ ಇದೆ.

ನಾಲ್ಕು ಮಾಡ್ಯೂಲ್ ತಗೊಳ್ಳಿ ಅಂದ ಅಂಗಡಿಯವರಿಗೆ ಈ ರೀಡಿಂಗ್‌ಗಳನ್ನೇ ಕಳಿಸಿದೀನಿ.

ಹುಬ್ಳಿ ಫೈಬರ್
ಭಾರೀ ಆತು! ಈ ರೀಡಿಂಗ್ ಎಲ್ಲಾ ತಾರೀಖು ಹಾಕಿ ಬರದ ಇಡ್ರಿ. ಮುಂದಿನ ಸಲ ಬಯಾಸ್ ಏರೂದು ಮೊದ್ಲ ಗೊತ್ತಾಗತೈತಿ.

ಬಯಲುಸೀಮೆ ಕೇಬಲ್
ನನ್ನದು ಒಂದು ಸಿಕ್ಕಾಕೊಂಡಿದೆ. ಲ್ಯಾಚ್ ಕಡ್ಡಿ ಮುರಿದು ಮಾಡ್ಯೂಲ್ ಕೇಜಿಂದ ಬರ್ತಾನೇ ಇಲ್ಲ. ಇಕ್ಕಳ ಹಾಕಲಾ?

ನೈಟ್‌ಶಿಫ್ಟ್ ನಾಗ
ಇಕ್ಕಳ ಬೇಡ, ಕೇಜ್ ಬಗ್ಗಿದ್ರೆ ಪೋರ್ಟೇ ಹೋಗುತ್ತೆ. ಫೈಬರ್ ತೆಗೆದು ಕ್ಯಾಪ್ ಹಾಕಿ. ಮೊದಲು ಮಾಡ್ಯೂಲನ್ನ ಒಳಕ್ಕೆ ಒತ್ತಿ, ಲ್ಯಾಚ್ ಮೇಲಿನ ಬಿಗಿ ಸಡಿಲ ಆಗುತ್ತೆ. ಒತ್ತಿ ಹಿಡಿದೇ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯಿಂದ ಕೇಜಿನ ನಾಲಿಗೆ ಎತ್ತಿ, ಆಮೇಲೆ ನೇರ ಎಳೀರಿ. ಬಂದ ಮೇಲೆ ಕೇಜ್ ಒಳಗೆ ಟಾರ್ಚ್ ಬಿಟ್ಟು ಪಿನ್ ಬಾಗಿದೆಯಾ ನೋಡಿ, ಅದಾದ ಮೇಲಷ್ಟೇ ಹೊಸದು.

ಬಯಲುಸೀಮೆ ಕೇಬಲ್
ಬಂತು. ಪಿನ್ ಎಲ್ಲ ನೆಟ್ಟಗಿವೆ. ಹಸಿರು-ನೀಲಿದೂ ಬದಲಾಯಿಸಿದೆ, ಆ ಪೋರ್ಟಿನ ಮನೆಗಳಲ್ಲಿ ಆರ್‌ಎಕ್ಸ್ ಸುಮಾರು 4 ಡಿಬಿ ಸುಧಾರಿಸಿದೆ.

ಹೊಸಬ22
ನಮ್ಮಲ್ಲಿ ಹೊಸದಾಗಿ 100ಜಿ ಬರ್ತಿದೆ. ಎಸ್‌ಆರ್4 ಅನ್ನೋ ಕಡಿಮೆ ದೂರದ ಮಾಡ್ಯೂಲ್ ಹಾಕಿದ್ವಿ, ಎರಡೂ ಕಡೆ ಆರ್‌ಎಕ್ಸ್ ಪವರ್ ಸರಿಯಾಗಿದೆ, ಲಿಂಕ್ ಮಾತ್ರ ಇಲ್ಲ. ಇದಕ್ಕೂ ಶುಚಿನೇನಾ?

ಡಿಸಿ ಮೇಷ್ಟ್ರು
ಪವರ್ ಸರಿ ಇದ್ರೆ ಎರಡೂ ಕಡೆ ಎಫ್‌ಇಸಿ (ದಾರೀಲಿ ಆದ ತಪ್ಪು ತಿದ್ದೋ ವ್ಯವಸ್ಥೆ) ನೋಡು. ಎಸ್‌ಆರ್4ಗೆ ಅದರದೇ ಒಂದು ಬಗೆ ಆರ್‌ಎಸ್-ಎಫ್‌ಇಸಿ ಬೇಕು, ಒಂದು ಕಡೆ ಆನ್ ಇನ್ನೊಂದು ಕಡೆ ಆಫ್ ಇದ್ರೆ ಲಿಂಕ್ ಏಳಲ್ಲ. ಅದಕ್ಕೆ ಬೇರೆ ಪೋಸ್ಟ್ ಹಾಕು, ಎರಡೂ ಸ್ವಿಚ್ ಮಾಡೆಲ್, ಎರಡೂ ಕಡೆ ಡಿಡಿಎಂ ಸಮೇತ.